ವಾರ್ನಿಷ್ ಬಳಿದ ಗೂಡು

ಹುಣಸೆಮರದಲ್ಲಿ ಹಕ್ಕಿಗಳಿಗೆಂದು ಎರಡು ಮರದ ಪೆಟ್ಟಿಗೆಗಳನ್ನು ತೂಗುಹಾಕಿದ್ದರು. ಒಂದಕ್ಕೆ ಹೊರಗೆ ಮಾತ್ರ ಅಗಸೆ ಎಣ್ಣೆ ಬಳಿದಿತ್ತು. ಇನ್ನೊಂದಕ್ಕೆ ಒಳಗೂ ಹೊರಗೂ ವಾರ್ನಿಷ್. ಅಳಿಲು ಹತ್ತಿರ ಸುಳಿದರೆ ಸಾಕು, ವಾರ್ನಿಷ್ ಪೆಟ್ಟಿಗೆ, “ದೂರ ಇರು, ನಿನ್ನ ಉಗುರು ತಾಗಿದರೆ ಗೀರು ಬೀಳುತ್ತದೆ” ಎಂದು ಗದರುತ್ತಿತ್ತು.

ಮಳೆಗಾಲಕ್ಕೆ ಮುಂಚೆ ಮಡಿವಾಳ ಹಕ್ಕಿಯೊಂದು ಮೊಟ್ಟೆಯಿಡಲು ಜಾಗ ಹುಡುಕುತ್ತ ಬಂತು.

“ಬಾ ತಾಯಿ, ನನ್ನೊಳಗೆ ಒಂದು ಹನಿಯೂ ಇಳಿಯುವುದಿಲ್ಲ” ಎಂದಿತು ವಾರ್ನಿಷ್ ಪೆಟ್ಟಿಗೆ. “ಪಕ್ಕದವನ ಒಳಗೋಡೆ ನೋಡು, ಗರಗಸದ ಗುರುತೂ ಹೋಗಿಲ್ಲ.”

ಹಕ್ಕಿ ಒಳಗಿಳಿದು ಗೋಡೆಗೆ ಕಾಲೂರಿತು. ಕಾಲು ಜಾರಿತು.

“ಹೋದ ವರ್ಷ ಇಂಥದೇ ನುಣುಪಾದ ಪೆಟ್ಟಿಗೆಯಲ್ಲಿದ್ದೆ” ಎಂದಿತು. “ಮಳೆ ಒಳಗೆ ಬರಲಿಲ್ಲ, ನಿಜ. ರೆಕ್ಕೆ ಬಲಿತ ಮೇಲೆ ಮರಿಗಳೂ ಹೊರಗೆ ಬರಲಿಲ್ಲ. ಹತ್ತಲು ಉಗುರಿಗೆ ಹಿಡಿತವೇ ಸಿಗಲಿಲ್ಲ. ನಾನು ಬಾಗಿಲಲ್ಲಿ ಕೂತು ಕರೆಯುತ್ತಲೇ ಇದ್ದೆ.”

ಹಾಗೆಂದು ಅದು ಪಕ್ಕದ ಪೆಟ್ಟಿಗೆಗೆ ಹುಲ್ಲು ಸಾಗಿಸತೊಡಗಿತು.

ವಾರ್ನಿಷ್ ಪೆಟ್ಟಿಗೆ ಅಳಿಲನ್ನು ಕರೆದು, “ಅಣ್ಣಾ, ಒಳಗೆ ಬಾ. ತಳದಿಂದ ಬಾಗಿಲವರೆಗೆ ಚೆನ್ನಾಗಿ ಗೀರಿಬಿಡು” ಎಂದಿತು.

“ನನ್ನ ಉಗುರೇ ಆದೀತೆ?” ಎಂದಿತು ಅಳಿಲು.

“ನಿನ್ನ ಉಗುರೇ ಬೇಕು.”