ಕೆಂಪು ಗುಡ್ಡದ ಕರಿಹೊನ್ನು

“ಗುರುಗಳೇ, ಕಬ್ಬಿಣವನ್ನು ದಾನ ಕೊಟ್ಟರೆ ಜನ ತೆಗೆದುಕೊಳ್ಳಲು ಹೆದರುತ್ತಾರೆ. ಶನಿಯ ಲೋಹ ಎನ್ನುತ್ತಾರೆ. ಆದರೆ ಕಬ್ಬಿಣ ಎಂಬ ಹೆಸರನ್ನು ಬಿಡಿಸಿ ನೋಡಿದರೆ ಹಳಗನ್ನಡದ ‘ಕರ್’ ಮತ್ತು ‘ಪೊನ್’, ಅಂದರೆ ‘ಕರಿಯ ಹೊನ್ನು’ ಎಂದು ಬರುತ್ತದೆ. ಇಷ್ಟು ದೊಡ್ಡ ಹೆಸರನ್ನು ಅದಕ್ಕೆ ಯಾರಿಟ್ಟರು?” ಎಂದು ಶಿಷ್ಯ ಅಡವೀಶ ಕೇಳಿದ.

ಗುರುಗಳು ಹೇಳಿದರು: “ಗ್ರಂಥ ಬರೆದವರಂತೂ ಇಡಲಿಲ್ಲ. ಅವರು ಲೇಖನಿ ಹಿಡಿಯುವ ಹೊತ್ತಿಗೆ ಜನ ಅದರಿಂದ ಕುಡುಗೋಲು ಮಾಡಿ ಎಷ್ಟೋ ಸುಗ್ಗಿ ಕೊಯ್ದಾಗಿತ್ತು. ಕೇಳು.

“ಒಂದು ಗುಡ್ಡವಿತ್ತು. ಅದರ ಬುಡದಲ್ಲಿ ಕಲ್ಲು ಕಾಯಿಸಿ ಕಬ್ಬಿಣ ತೆಗೆಯುವ ಹನ್ನೆರಡು ಮನೆಗಳಿದ್ದವು. ಗಂಡಸರು ಕಲ್ಲು ಒಡೆದು ತರುತ್ತಿದ್ದರು. ಹೆಂಗಸರು ಇದ್ದಿಲು ಸುಡುತ್ತಿದ್ದರು. ಬೆಂಕಿಗೆ ಗಾಳಿ ಊದುವ ತಿದಿಯನ್ನು ಒತ್ತುವ ಕೆಲಸ ಇಬ್ಬರದೂ. ಅವರಲ್ಲಿ ಒಂದು ಕಟ್ಟು ಇತ್ತು. ಮಣ್ಣಿನ ಕುಲುಮೆಗೆ ಬೆಂಕಿ ಹಾಕಿದ ಮೇಲೆ, ಅದನ್ನು ಒಡೆದು ಒಳಗಿನದನ್ನು ಹೊರತೆಗೆಯುವ ತನಕ, ಆ ಮನೆಯವರು ಕಬ್ಬಿಣ ಎಂಬ ಹೆಸರನ್ನು ಬಾಯಿಗೆ ತರಬಾರದು. ಹೊಟ್ಟೆಯಲ್ಲಿರುವ ಕೂಸನ್ನು ಹೆಸರಿಟ್ಟು ಕರೆಯುವುದಿಲ್ಲವಲ್ಲ, ಹಾಗೆ.

“ಒಬ್ಬ ವರ್ತಕನ ಕಣ್ಣು ಆ ಗುಡ್ಡದ ಮೇಲೆ ಬಿತ್ತು. ದುಡಿಯುವವರ ನೆಲ ಕೇಳಲು ಹೊರಟವರಿಗೆ ಹಳೆಯ ಓಲೆ ಸಿಗುವುದು ಯಾವತ್ತೂ ಕಷ್ಟವಾಗಿಲ್ಲ. ಇವನೂ ಒಬ್ಬ ಪಂಡಿತನನ್ನು ಹಿಡಿದು ಬರೆಸಿದ: ‘ನಮ್ಮ ಮೂಲಪುರುಷ ಈ ಗುಡ್ಡಕ್ಕೆ ಬಂದ. ಗುಡ್ಡದ ತುಂಬ ಕಪ್ಪಗೆ ಹೊಳೆಯುವ ಕಲ್ಲುಗಳನ್ನು ಕಂಡ. ಕರಿಯ ಹೊನ್ನು ಎಂದು ಹೆಸರಿಟ್ಟ. ಹೆಸರಿಟ್ಟವನದೇ ಗುಡ್ಡ.’ ಆ ಓಲೆಯನ್ನು ಅಡುಗೆಮನೆಯ ಹೊಗೆಗೆ ನಾಲ್ಕು ದಿನ ತೂಗುಹಾಕಿದರು. ಅದಕ್ಕೆ ನಾನೂರು ವರ್ಷ ವಯಸ್ಸಾಯಿತು.

“ವರ್ತಕನ ದೂರು ನಾಡಿನ ಅಧಿಕಾರಿಯ ಮುಂದೆ ಹೋಯಿತು. ಕುಲುಮೆಯವರ ಕಡೆಯಿಂದ ಒಬ್ಬನಿಗೆ ಕರೆ ಬಂತು. ಅವನು ಅಂದು ಬೆಳಗ್ಗೆಯಷ್ಟೇ ಕುಲುಮೆಗೆ ಬೆಂಕಿ ಹಾಕಿದ್ದ. ತಿದಿಯನ್ನು ಹೆಂಡತಿಗೆ ಒಪ್ಪಿಸಿ ಹೋದ. ಅಧಿಕಾರಿ ಓಲೆ ಓದಿಸಿ, ‘ಈಗ ನೀನು ಹೇಳು. ನೀವು ತೆಗೆಯುವ ವಸ್ತುವಿನ ಹೆಸರೇನು? ಅದು ಹೇಗೆ ಬಂತು?’ ಎಂದು ಕೇಳಿದ.

“‘ಇವತ್ತು ಹೇಳಲಾರೆ, ಸ್ವಾಮಿ.’

“ವರ್ತಕ ನಕ್ಕ. ‘ನೋಡಿದಿರಾ! ತಾನು ಉಣ್ಣುವ ಕೂಳಿನ ಹೆಸರು ಗೊತ್ತಿಲ್ಲ. ಇವನಿಗೆ ಗುಡ್ಡ ಬೇಕಂತೆ.’

“‘ಬಾಯಿ ನಿಮ್ಮದು, ಆಡಿ ಧಣಿ. ನನ್ನ ಕುಲುಮೆ ಉರೀತಿದೆ. ಒಡೆದ ಮೇಲೆ ಹೇಳ್ತೀನಿ.’

“ಅಧಿಕಾರಿಗೆ ಅದು ನೆಪದಂತೆ ಕಂಡಿತು. ‘ನಾಳೆ ಮಧ್ಯಾಹ್ನ ಗುಡ್ಡಕ್ಕೇ ಬರುತ್ತೇನೆ. ಆಗಲೂ ಹೇಳದಿದ್ದರೆ ಹನ್ನೆರಡು ಮನೆಯೂ ಸಂಜೆಯೊಳಗೆ ಖಾಲಿಯಾಗಬೇಕು’ ಎಂದ.

“ಕುಲುಮೆಯವನು ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದ. ‘ಒಂದು ಮಾತಿಗೆ ಹನ್ನೆರಡು ಮನೆ ಬೀದಿಗೆ ಬರೋ ಹಾಗಾಯ್ತು. ಹೇಳಿಬಿಡಬೇಕಿತ್ತೇನೆ?’ ಎಂದ. ಅವಳು ತಿದಿ ಒತ್ತುತ್ತಲೇ, ‘ಹೇಳಿ ಬಂದಿದ್ರೆ ಹೊಸ್ತಿಲು ದಾಟೋಕೆ ಬಿಡ್ತಿರಲಿಲ್ಲ. ನಿಂತು ನೋಡಬೇಡ, ಇದ್ದಿಲು ಹಾಕು’ ಎಂದಳು.

“ಮರುದಿನ ಮೂವರೂ ಬಂದರು, ಅಧಿಕಾರಿ, ವರ್ತಕ, ಪಂಡಿತ. ಗಂಡ ಹಾರೆಯಿಂದ ಕುಲುಮೆಯ ಮಣ್ಣಿನ ಗೋಡೆ ಒಡೆದ. ಗಂಡ ಹೆಂಡತಿ ಇಬ್ಬರೂ ಇಕ್ಕಳ ಹಾಕಿ ಕೆಂಡದಂಥ ಮುದ್ದೆಯೊಂದನ್ನು ಹೊರಗೆಳೆದರು. ಬಡಿದು ಕಿಟ್ಟ ಉದುರಿಸಿದರು. ಅದು ಆರುತ್ತ ಆರುತ್ತ ಕಪ್ಪಾಯಿತು.

“ಆಗ ಅವನು ಬೆವರು ಒರೆಸಿಕೊಂಡು ಹೇಳಿದ: ‘ಇದು ಕಬ್ಬಿಣ, ಸ್ವಾಮಿ. ಕರಿ ಅಂದರೆ ಇದರ ಬಣ್ಣ. ಹೊನ್ನು ಅಂದರೆ ಬರೀ ಚಿನ್ನ ಅಲ್ಲ, ನಮ್ಮ ಹಿರಿಯರು ಲೋಹಕ್ಕೂ ಹಾಗೇ ಅಂತಿದ್ದರು. ಕುಲುಮೆ ಒಡೆದಾಗ ಕಂಡದ್ದನ್ನ ಕಂಡ ಹಾಗೆ ಕರೆದರು.’

“‘ನಿನ್ನೆ ನಮ್ಮ ಓಲೆಯಿಂದ ಕೇಳಿ ಕಲಿತಿದ್ದಾನೆ! ಗಿಳಿಪಾಠ!’ ಎಂದು ವರ್ತಕ ಕೂಗಿದ.

“ಹೆಂಡತಿ ಒಡೆದಿಟ್ಟ ಕಲ್ಲಿನ ರಾಶಿಯನ್ನು ಪಂಡಿತನಿಗೆ ತೋರಿಸಿದಳು. ‘ಅಯ್ಯನೋರೇ, ಇವೆಲ್ಲ ಈ ಗುಡ್ಡದ ಕಲ್ಲೇ. ನಿಮ್ಮ ಓಲೆಯೊಳಗಿನ ಕಪ್ಪು ಕಲ್ಲು ಯಾವುದು, ಒಂದು ಆರಿಸಿ ಕೊಡಿ. ಹುಟ್ಟಿದಾಗಿನಿಂದ ಇಲ್ಲೇ ಇದೀನಿ, ನಾನೂ ಒಮ್ಮೆ ನೋಡ್ತೀನಿ.’

“ಪಂಡಿತ ರಾಶಿಯನ್ನು ನೋಡಿದ. ಸುಟ್ಟ ಇಟ್ಟಿಗೆಯ ಹಾಗೆ ಕೆಂಪು. ತಲೆಯೆತ್ತಿ ಗುಡ್ಡವನ್ನು ನೋಡಿದ. ಬುಡದಿಂದ ನೆತ್ತಿಯ ತನಕ ಕೆಂಪು.

“ವರ್ತಕ ಹಲ್ಲು ಕಡಿದ. ‘ಗುಡ್ಡ ನೋಡಿಕೊಂಡು ಬರೀಬಾರದಿತ್ತೇನಯ್ಯಾ?’

“‘ನೀವು ಕರೆದುಕೊಂಡು ಬಂದಿದ್ದರೆ ತಾನೇ, ಯಜಮಾನರೇ!’ ಎಂದುಬಿಟ್ಟ ಪಂಡಿತ.

“ಹನ್ನೆರಡು ಮನೆಯವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಧಿಕಾರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಒಳಗೆ ಹೋಗುವಾಗ ಕೆಂಪು, ಹೊರಗೆ ಬಂದಾಗ ಕಪ್ಪು. ಅದನ್ನು ಕರಿಯದೆಂದು ಮೊದಲು ಕರೆದವರು ಕುಲುಮೆಯ ಬಾಯಲ್ಲಿ ನಿಂತು ಮೈ ಸುಟ್ಟುಕೊಂಡವರೇ ಆಗಿರಬೇಕು. ಅಧಿಕಾರಿ ಓಲೆಯನ್ನು ಅಲ್ಲೇ ಕೆಂಡಕ್ಕೆ ಹಾಕಿಸಿದ. ಯಾರೂ ಮನೆ ಬಿಡಲಿಲ್ಲ. ಅಂದಿನ ಕಬ್ಬಿಣದಲ್ಲಿ ಮನೆಗೊಂದು ಈಳಿಗೆ ಮಾಡಿಕೊಂಡು, ಅದರಲ್ಲೇ ಕುಂಬಳಕಾಯಿ ಹೆಚ್ಚಿ, ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಂಡರು.”

ಅಡವೀಶನ ಮುಖ ಅರಳಿತು. “ಆ ಅಧಿಕಾರಿ ದೊಡ್ಡ ಮನುಷ್ಯ, ಗುರುಗಳೇ! ಬಡವರಿಗೆ ಒಂದು ಗುಡ್ಡವನ್ನೇ ಕೊಟ್ಟುಬಿಟ್ಟನಲ್ಲ!”

ಗುರುಗಳು ಕೇಳಿದರು: “ಕೊಡುವುದಕ್ಕೆ ಅದು ಅವನದಾಗಿತ್ತೇನೋ?”