ಬಚ್ಚಲ ನೀರಿನ ಬಾಳಿಗೊನಿ

ಬಸರಿಗುಡ್ಡದ ಅಡಿವೆಯ್ಯಜ್ಜಾರು ಕಂಬಳಿ ಹಾಸಿ ಹೊಳಿ ದಾಟಿದ್ರು ಅಂತ ಯಾರೂ ಹೇಳಂಗಿಲ್ಲ. ಅಜ್ಜಾರು ನೀರು ದಾಟಿದವರಲ್ಲ, ನೀರು ಹೊತ್ತವರು.

ಗುಡ್ಡದ ನಡುವ ಅವರ ಮಠ. ಮಠ ಅಂದಕೂಡಲೆ ಬಂಗಾರದ ಕಳಸ ನೆನಸ್ಕೋಬ್ಯಾಡ್ರಿ. ಒಂದು ಗದ್ದಿಗಿ, ಮುಂದ ಒಂದು ಪಡಸಾಲಿ, ಗೌರಿ ಅನ್ನೋ ಒಂದು ಆಕಳ, ಹಿಂದ ಪಡಸಾಲಿಗಿಂತ ದೊಡ್ಡದೊಂದು ಬಚ್ಚಲ. ದೂರದಿಂದ ಧೂಳು ತಿನ್ಕೋತ ನಡದು ಬಂದವರು ಮೊದಲು ಮೈ ತೊಳ್ಕೋಬೇಕು, ದೇವರು ಆಮ್ಯಾಲ ಅಂತಿದ್ರು ಅಜ್ಜಾರು. ಗುಡ್ಡದ ಬುಡದ ಬಾವಿಯಿಂದ ತಾವೇ ನೀರು ಹೊತ್ತು ತಂದು, ಹಂಡೆ ಕಾಸಿ, ಬಂದವರಿಗೆ ತೋಡಿ ಕೊಡತಿದ್ರು. ಯಾವ ಊರು, ಯಾವ ಕುಲ ಅಂತ ಕೇಳತಿರಲಿಲ್ಲ. ಕೇಳತಿದ್ದದ್ದು ಒಂದೇ ಮಾತು: "ಬಿಸಿ ಸಾಕೇನಪಾ?"

ಆ ಬಚ್ಚಲ ನೀರು ಗೋಡಿ ತೂತಿನಿಂದ ಹೊರಗ ಬಿದ್ದು, ಕಲ್ಲಿನ ಮೋರಿ ಹಿಡದು ಇಳದು, ಮಠದ ಹಿಂದ ತಗ್ಗಿನಾಗಿದ್ದ ತಿಪ್ಪವ್ವನ ಹಿತ್ತಲ ಸೇರತಿತ್ತು. ಅಲ್ಲಿ ಅಕಿ ಬಾಳಿ ಹಚ್ಚಿದ್ಲು. ತಿಪ್ಪವ್ವ ಗಂಡ ಸತ್ತಾಕಿ, ಬಾಯಿ ಇದ್ದಾಕಿ. ಒಬ್ಬಾಕಿ ಮಗಳು, ನೀಲವ್ವ. ನೀಲವ್ವಗ ಹಿಂದಿನ ಕೂಸು ಹೊಟ್ಟ್ಯಾಗ ಸತ್ತು ಹುಟ್ಟಿತ್ತು. ಈಗ ಮತ್ತ ದಿನ ತುಂಬಿ ತವರಿಗೆ ಬಂದು ಮಲಗಿದ್ಲು. "ಈ ಸಲದ ಮೊದಲನೇ ಗೊನಿ ನಿನ್ನ ಗದ್ದಿಗಿ ಮುಂದ ಕಟ್ಟತೀನಿ ನಮ್ಮಪ್ಪಾ, ಕೂಸಿನ ಮಾರಿ ತೋರ್ಸು" ಅಂತ ತಿಪ್ಪವ್ವ ಹರಕಿ ಹೊತ್ತಿದ್ಲು. ಹೆರಿಗಿ ಮುಂಚೆನ ಹರಕಿ ಮುಟ್ಟಬೇಕು. ಅಮಾಸಿ ದಿನ ಮುಂಜಾನೆ ತಲಿಮ್ಯಾಲ ಸಿಂಬಿ ಇಟ್ಟು, ಗೊನಿ ಹೊತ್ಕೊಂಡು ಮಠದ ಮೆಟ್ಟಲ ಹತ್ತಿದ್ಲು.

ಮ್ಯಾಲ ರಾಚಯ್ಯ ನಿಂತಿದ್ದ. ಮಠದ ಕಾರಭಾರಿ, ಸೊಂಟಕ್ಕ ಕೀಲಿ ಗೊಂಚಲ, ಹಣಿತುಂಬ ತಾನೇ ಸುಟ್ಟು ಮಾಡಿದ ಈಬತ್ತಿ. ಅಜ್ಜಾರು ಬಚ್ಚಲದಾಗ ನೀರು ತೋಡಕೋತ ಕುಂತ್ರ ಮಠದ ಮಡಿ ಕಾಯೋರು ಯಾರು ಅಂತ ಆ ಭಾರ ತಾನೇ ಹೊತ್ಕೊಂಡವ.

"ಇದು ಎಲ್ಲೀದು?" ಅಂದ.

"ಎಲ್ಲೀದು ಅಂದ್ರ? ನನ್ನ ಹಿತ್ತಲದ್ದು ಅಯ್ನೋರ."

"ಅಂದ್ರ ಬಚ್ಚಲ ನೀರಿಂದು. ಯಾವ್ಯಾವ ಕುಲದವ ಬಂದು ಮೈ ತೊಳದ ಹೊಲಸು ಕುಡದು ಬೆಳದದ್ದು. ಗದ್ದಿಗಿ ಮುಂದ ಕಟ್ಟಾಕ ಬರಂಗಿಲ್ಲ, ಮೈಲಿಗಿ. ಪ್ಯಾಟ್ಯಾಗ ಬೇಕಾದಷ್ಟು ಹಣ್ಣು ಸಿಗತಾವ, ತಗೊಂಡು ಬಾ."

ತಿಪ್ಪವ್ವಗ ಮೊದಲು ತಿಳೀಲಿಲ್ಲ. ತಿಳದ ಮ್ಯಾಲ ಅಂಗಾಲಿನಿಂದ ನೆತ್ತಿ ಮಟ ಬೆಂಕಿ ಬಿತ್ತು.

"ಪ್ಯಾಟಿ ಬಾಳಿ ಏನು ಪನ್ನೀರು ಕುಡದು ಬೆಳದಾವೇನ್ರಿ? ಹೋದ ಅಮಾಸಿಗೆ ಪ್ರಸಾದಕ್ಕ ಎಲಿ ಬೇಕು ಅಂತ ನೀವೇ ಕುಡಗೋಲು ಹಿಡಕೊಂಡು ನನ್ನ ಹಿತ್ತಲಕ್ಕ ಬಂದಿದ್ರಿ. ಎಲಿ ಕೊಯ್ಯೂವಾಗ ಮಡಿ ಇದ್ದ ಗಿಡ, ಹಣ್ಣು ಕೊಡೂವಾಗ ಮೈಲಿಗಿ ಆತೇನು?"

"ಎಲಿ ಮಂದಿಗೆ. ಹಣ್ಣು ದೇವರಿಗೆ. ಸರಿ ಅತ್ತಾಗ."

"ಸರಿಯಂಗಿಲ್ಲ. ಹರಕಿ ಐತಿ."

ಅಕಿ ಗೊನಿ ಇಳಿಸಿ ಮೆಟ್ಟಲ ಮ್ಯಾಲ ಇಟ್ಲು. ರಾಚಯ್ಯ ಕೈ ಹಚ್ಚಲಿಲ್ಲ. ಮೂಲ್ಯಾಗಿದ್ದ ಕೋಲು ತಗೊಂಡು, ಸತ್ತ ಹೆಗ್ಗಣ ದೂಡಿದಂಗ ಗೊನಿನ್ನ ದೂಡಿದ. ಅದು ಉರುಳಿ ಉರುಳಿ ಕೆಳಗ ಹೋಗಿ ಬಿತ್ತು. ಹಣ್ಣು ಕಳಚಿ ಮಣ್ಣಾಗ ಚೆಲ್ಲಿದ್ವು. ಪಡಸಾಲ್ಯಾಗ ಅಷ್ಟು ಮಂದಿ ಭಕ್ತರು ಕುಂತಿದ್ರು. ಎಲ್ಲಾರೂ ಒಮ್ಮೆಲೆ ಜಂತಿ ಎಣಿಸಾಕ ಹತ್ತಿದ್ರು.

ತಿಪ್ಪವ್ವ ಅಳಲಿಲ್ಲ. ಸೀರಿ ಸೆರಗು ಬಿಗದು ಸೊಂಟಕ್ಕ ಸಿಗಿಸಿ, ಮಠ ಸುತ್ತು ಹಾಕಿ, ಸೀದಾ ಬಚ್ಚಲಕ್ಕ ನಡದ್ಲು. ಅಜ್ಜಾರು ಹಂಡೆ ಮುಂದ ಕುಂತು ಉರಿ ಮಾಡತಿದ್ರು.

"ಅಜ್ಜಾರ! ನಿಮ್ಮ ಮಠದ ನೀರು ಹೊಲಸಾಗಿದ್ರ ಇಷ್ಟು ದಿನ ನನ್ನ ಹಿತ್ತಲಕ್ಕ ಯಾಕ ಬಿಟ್ರಿ? ನೀವು ಬಿಟ್ರಿ, ನಾ ಬಾಳಿ ಹಚ್ಚಿದೆ. ಈಗ ನನ್ನ ಗೊನಿ ಮೆಟ್ಟಲ ಕೆಳಗ ಬಿದ್ದೈತಿ, ಕೋಲಿಲೆ ದೂಡ್ಯಾರ. ನನ್ನ ಮಗಳು ಅಲ್ಲಿ ಹೊಟ್ಟಿ ಹಿಡ್ಕೊಂಡು ಮಲಗ್ಯಾಳ. ಹರಕಿ ಮುಟ್ಟದ ಅಕಿಗೆ ಏನರ ಆದ್ರ ನಾ ಯಾರನ್ನ ಕೇಳ್ಲಿ? ಗದ್ದಿಗಿನೇನು? ಅದರ ಮುಂದ ನಿಂದರಾಕರ ಬಿಡತಾನೇನು ಆ ನಿಮ್ಮ ಕಾರಭಾರಿ?"

ಅಜ್ಜಾರು ಕೈಯಾಗಿನ ಕಟಗಿ ಕೆಳಗಿಟ್ರು. ಅವರು ಸಿಟ್ಟಾದದ್ದನ್ನ ಅಲ್ಲೀ ಮಟ ಯಾರೂ ಕಂಡಿರಲಿಲ್ಲ. ಸಿಟ್ಟು ಬಂದ್ರ ಅಜ್ಜಾರ ಕಿವಿ ಕೆಂಪಾಗತಾವ ಅನ್ನೋದು ತಿಪ್ಪವ್ವಗ ಅವತ್ತೇ ಗೊತ್ತಾತು.

ಒಳಗ ಪಾದಪೂಜಿ ಹೊತ್ತಾಗಿತ್ತು. ರಾಚಯ್ಯ ಅಜ್ಜಾರು ಕುಂದ್ರಾಕ ಮಣಿ ಹಾಕಿ, ಕಾಲಿಡಾಕ ಹಿತ್ತಾಳಿ ಪರಾತ ಇಟ್ಟು, ತಾಮ್ರದ ಚಂಬು ಹಿಡದು ನಿಂತಿದ್ದ. ಚಂಬಿನಾಗ ಅಗ್ಗಣಿ, ಅಂದ್ರ ಪೂಜಿಗಂತ ತಾನೇ ಮಡಿಲೆ ಬಾವಿಯಿಂದ ಹೊತ್ತು ತಂದ ನೀರು. ಪಾದ ತೊಳದ ತೀರ್ಥಕ್ಕ ಮಂದಿ ಅಂಗೈ ಚಾಚಿ ಸಾಲು ಹಿಡದಿದ್ರು. ಅಜ್ಜಾರು ಬಂದವರು ಮಣಿ ಕಡೆ ನೋಡಲಿಲ್ಲ. ರಾಚಯ್ಯನ ರಟ್ಟಿ ಹಿಡದು ಬಚ್ಚಲಕ್ಕ ಕರಕೊಂಡು ಬಂದ್ರು. ಗೋಡಿ ತೂತಿನ ಬಾಯಿಗೆ, ಎಲ್ಲಾರೂ ಮೈ ತೊಳಕೊಳ್ಳೋ ಕಲ್ಲಿನ ಮ್ಯಾಲ ಕುಂತು, ಕಾಲು ನೀಡಿದ್ರು.

"ಇಲ್ಲೇ ತೊಳಿ."

"ಅಜ್ಜಾರ, ಇದು ಬಚ್ಚಲ..."

"ತೊಳಿ."

ರಾಚಯ್ಯ ನೀರು ಬಿಟ್ಟ. ಹಿಂದ ಬಂದಿದ್ದ ಮುದುಕರು ಗಡಬಡಿಸಿ ಬಗ್ಗಿ ಅಂಗೈಯಾಗ ಹಿಡಕೊಂಡು ಕಣ್ಣಿಗೆ ಒತ್ತಿಕೊಂಡ್ರು. ಹಿಡದದ್ದು ಸ್ವಲ್ಪ. ಉಳದದ್ದು ತೂತಿನಿಂದ ಹೊರಗ ಹರೀತು.

"ಅವರು ಹಿಡದದ್ದು ಏನು?" ಅಜ್ಜಾರು ಕೇಳಿದ್ರು.

"ತೀರ್ಥ, ಅಜ್ಜಾರ."

"ಹರದು ಹೋದದ್ದು?"

ರಾಚಯ್ಯನ ಬಾಯಿ ಮುಚ್ಚಿತು. ತಿಪ್ಪವ್ವನ ಬಾಯಿ ಎಲ್ಲಿ ಮುಚ್ಚತೈತಿ? "ಹೇಳ್ರಿ ಅಯ್ನೋರ! ಹೊಲಸು ಅನ್ರಿ! ಮೆಟ್ಟಲ ಮ್ಯಾಲ ಎಷ್ಟು ಚಲೋ ಅಂದ್ರಿ, ಈಗ ನಾಲಿಗಿ ಬಚ್ಚಲಾಗ ಬಿತ್ತೇನು?"

ಅಜ್ಜಾರು ಎದ್ದು ನಿಂತ್ರು. "ರಾಚಯ್ಯಾ, ಗೋಡಿ ಒಳಗ ತೀರ್ಥ ಇತ್ತು. ಎಲ್ಲಿಗೆ ಹೋಗಿ ಮೈಲಿಗಿ ಆತು? ಬೆರಳಿಟ್ಟು ತೋರ್ಸು."

ಅಜ್ಜಾರ ಮಾತು ಮೀರಂಗಿಲ್ಲ. ರಾಚಯ್ಯ ಬೆರಳು ಚಾಚಿಕೊಂಡು ಮೋರಿಗುಂಟ ಇಳದ. ಹಿಂದ ಅಜ್ಜಾರು, ಅವರ ಹಿಂದ ತಿಪ್ಪವ್ವ, ಅಕಿ ಹಿಂದ ಜಂತಿ ಎಣಿಸೋದು ಬಿಟ್ಟ ಭಕ್ತರು. ತೂತಿನ ಹೊರಗ ಬೆರಳು ನಿಂತಿತು. ಅಲ್ಲಿ ಅಜ್ಜಾರ ಪಾದದಿಂದ ಒಂದು ಮಾರು ದೂರ ಬಂದ ನೀರು. ಅದನ್ನ ಮೈಲಿಗಿ ಅನ್ನಾಕ ಧೈರ್ಯ ಆಗಲಿಲ್ಲ. ಮೋರಿ ತಿರುವಿನಾಗ ಗುಬ್ಬಿ ಕುಡೀತಿದ್ವು. ಅಲ್ಲೂ ಅನ್ನಲಿಲ್ಲ. ಕಡೀಕ ಬಾಳಿ ಬುಡಕ್ಕ ಬಂದು, ನೀರು ಕರಿ ಮಣ್ಣಾಗ ಇಂಗಿ ಕಾಣದಂಗಾದಲ್ಲಿ, "ಇಲ್ಲಿ" ಅಂದ.

ಅಜ್ಜಾರು ಬಗ್ಗಿ ಒಂದು ಹಿಡಿ ಹಸಿಮಣ್ಣು ತಗದು ಅವನ ಮೂಗಿಗೆ ಹಿಡದ್ರು. ಮೊದಲ ಮಳಿ ಬಿದ್ದಾಗ ಬರೋ ವಾಸನಿ. ಬ್ಯಾರೆ ಏನೂ ಇಲ್ಲ.

"ಮುಂದ?" ಅಂದ್ರು ಅಜ್ಜಾರು.

ಬೆರಳು ದಿಂಡು ಹತ್ತಿ ಎಲಿಗೆ ಹೋತು. ಎಲಿ ಮಠಕ್ಕ ಹೋಗತೈತಿ. ಅದರ ಮ್ಯಾಲ ಮಂದಿ ಪ್ರಸಾದ ಉಣ್ಣತಾರ.

"ಮುಂದ?"

"ಉಂಡ ಎಲಿ ಗೌರಿ ತಿಂತಾಳ್ರಿ."

"ಮುಂದ?"

"ಸಗಣಿ ಹಾಕತಾಳ."

"ನೀ ಅದನ್ನ ಏನು ಮಾಡತಿ?"

ರಾಚಯ್ಯನ ದನಿ ತೆಳ್ಳಗಾತು. "ಗದ್ದಿಗಿ ಸಾರಸತೀನ್ರಿ. ಉಳದದ್ದು ಉಂಡಿ ಕಟ್ಟಿ ಸುಟ್ಟು... ಈಬತ್ತಿ ಮಾಡತೀನಿ."

"ಮುಂದ?"

ಬೆರಳು ಹೋಗಾಕ ಬ್ಯಾರೆ ದಾರಿ ಉಳದಿರಲಿಲ್ಲ. ಮೆಲ್ಲಕ ಎದ್ದು, ಅವನ ಹಣಿಗೇ ಬಂದು ಮುಟ್ಟಿತು.

ಹಿಂದ ಯಾರೋ ಕಿಸಕ್ಕಂದ್ರು. ಅಜ್ಜಾರು ತಿರುಗಿ ನೋಡಿದ್ರು. ನಕ್ಕವ ಮತ್ತ ನಗಲಿಲ್ಲ. ತನ್ನ ಹಣಿ ಮುಟ್ಟಿ ನೋಡಕೊಂಡ.

"ಆದ್ರ ನೀರು, ಅಜ್ಜಾರ," ರಾಚಯ್ಯ ಕಡೀದಾಗಿ ಒಂದು ಹುಲ್ಲುಕಡ್ಡಿ ಹಿಡಕೊಂಡ. "ಆ ಹೊಲಸು ನೀರು ಮಣ್ಣಾಗ ಹೋಗಿ ಮುಗೀತಲ್ಲ."

ಅಜ್ಜಾರು ಇನ್ನೂ ಕೆಳಗಿಳದ್ರು. ಬಾಳಿ ಸಾಲು ಮುಗದು, ಗುಡ್ಡದ ಬುಡಕ್ಕ ಬಾವಿ. ಮಠಕ್ಕ ಅಗ್ಗಣಿ ಹೋಗೋ ಬಾವಿ. ಮೆಟ್ಟಲ ಇಳದು, ಕಲ್ಲಿನ ಸಂದಿ ತೋರಿಸಿದ್ರು. ಸಂದ್ಯಾಗಿಂದ ತಣ್ಣಗ ಸೆಲಿ ಜಿನಗತಿತ್ತು. ದಿನಾ ಅಲ್ಲೇ ಕೊಡ ತುಂಬೋ ತಿಪ್ಪವ್ವ ಸುದ್ದಾ ಅದು ಯಾವ ಕಡೆಯಿಂದ ಬರತೈತಿ ಅಂತ ನೋಡಿರಲಿಲ್ಲ. ಈಗ ತಲಿ ಎತ್ತಿ ನೋಡಿದ್ಲು. ಸೆಲಿ ಇದ್ದದ್ದು ಗುಡ್ಡದ ಕಡೆ. ನೇರ ಅದರ ಮ್ಯಾಲ ಅಕಿ ಬಾಳಿ ಗಾಳಿಗೆ ಎಲಿ ಆಡಸತಿದ್ವು.

ಅಜ್ಜಾರು ರಾಚಯ್ಯನ ಕೈಯಾಗಿನ ಚಂಬು ಇಸಗೊಂಡ್ರು. ಸೆಲಿಗೆ ಹಿಡದು, ತುಂಬಿಸಿ, ತಿರುಗಿ ಅವನ ಕೈಯಾಗ ಇಟ್ರು.

"ತಗೋ, ನಿನ್ನ ಅಗ್ಗಣಿ. ಇಷ್ಟು ಇಲ್ಲಿ ಬಂತು. ಉಳದದ್ದು ಬಿಸಲಿಗೆ ಮ್ಯಾಲೇರಿ ಮೋಡ ಆಗೈತಿ, ಮಳಿಯಾಗಿ ನಿನ್ನ ತಲಿಮ್ಯಾಲೇ ಬೀಳತೈತಿ. ಇಷ್ಟು ದಾರ್ಯಾಗ ಹೊಲಸು ಒಂದೇ ಕಡೆ ಕಂಡೆ ನಾನು. ಕೋಲು ಹಿಡದಿತ್ತು."

ಅಜ್ಜಾರು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು, ಅದೇ ಕಡೀದು ಅಂತಾರ.

ರಾಚಯ್ಯ ಚಂಬು ಹಿಡಕೊಂಡು ಗುಡ್ಡ ಏರಿದ. ಮೆಟ್ಟಲ ಕೆಳಗ ಮಣಕಾಲೂರಿ, ಮಣ್ಣಾಗ ಬಿದ್ದ ಒಂದೊಂದು ಹಣ್ಣನ್ನೂ ಆರಿಸಿ ತನ್ನ ಹೆಗಲ ಮ್ಯಾಲಿನ ಮಡಿ ಶಲ್ಲೇದಾಗ ಹಾಕ್ಕೊಂಡ. ಗೊನಿನ್ನ ಹೆಗಲಿಗೇರಿಸಿದ. ಬಾಳಿ ಕರಿ ಅವನ ಬಿಳಿ ಅಂಗಿಗೆ ಹತ್ತಿತು. ಒರಸಲಿಲ್ಲ. ಗದ್ದಿಗಿ ಮುಂದ ಹಗ್ಗ ಎತ್ತಿದಾಗ ತಿಪ್ಪವ್ವ ಬಾಗಲದಾಗಿಂದ ಒದರಿದ್ಲು:

"ಕಟ್ಟೂ ಮುಂಚೆ ಕೈ ತೊಳ್ಕೊಳ್ರಿ ಅಯ್ನೋರ! ಕೋಲು ಹಿಡದ ಕೈ ಅದು!"

ಅಜ್ಜಾರು ನಕ್ಕರು. ಕಿವಿ ಮೊದಲಿನಂಗಾದ್ವು. ರಾಚಯ್ಯ ಮಾತ್ರ ನಗಲಿಲ್ಲ. ಬಚ್ಚಲಕ್ಕ ಹೋಗಿ, ಎಲ್ಲಾರೂ ತೊಳಕೊಳ್ಳೋ ಕಲ್ಲಿನ ಮ್ಯಾಲ ಕೈ ತೊಳಕೊಂಡು ಬಂದು ಕಟ್ಟಿದ.

ಪೂಜಿ ಆದ ಮ್ಯಾಲ ಅಜ್ಜಾರು ಉದುರಿದ ಹಣ್ಣಿನಾಗಿಂದ ಒಂದು ಸುಲದು ತಿಂದ್ರು. ಸಿಪ್ಪಿ ತಿಪ್ಪವ್ವನ ಕೈಯಾಗ ಇಟ್ರು. "ಬುಡಕ್ಕ ಹಾಕವ್ವ."

ಅದೇ ವಾರದಾಗ ನೀಲವ್ವ ಹೆಣ್ಣು ಹಡದ್ಲು. ಕೂಸು ಬಸರಿಗುಡ್ಡಕ್ಕೆಲ್ಲ ಕೇಳೂವಂಗ ಒದರಿತು. ಬಾಯಿ ಥೇಟ್ ಅಜ್ಜೀದು. ತಿಪ್ಪವ್ವ ಕಾಲ ಮ್ಯಾಲ ಹಾಕ್ಕೊಂಡು ಎರೀತಿದ್ರ, ಎರದ ನೀರು ಹರದು ಹೋಗಿ ಮಠದ ನೀರಿನ ಕೂಡ ಅದೇ ಮೋರ್ಯಾಗ ಕೂಡತಿತ್ತು.

ಮುಂದಿನ ಅಮಾಸಿ ಬಂದಾಗ ರಾಚಯ್ಯ ಎಲಿಗಂತ ಹಿತ್ತಲಕ್ಕ ಬಂದ. ಬಾಳಿ ಕಡೆ ಹೋಗಬೇಕಂದ್ರ ಮೋರಿ ದಾಟಬೇಕು. ಕೂಸಿಗೆ ಎರಕೋತ ತಿಪ್ಪವ್ವ ಓರಗಣ್ಣಿಲೆ ನೋಡತಿದ್ಲು. ಒಂದು ಮಾತು ಅಂದೇ ಬಿಡಬೇಕು ಅಂತ ನಾಲಿಗಿ ತುದಿಗೆ ತಂದಿದ್ಲು. ಅನ್ನಲಿಲ್ಲ.

ಮೋರಿ ಹತ್ರ ಬಂದವ, ರಾಚಯ್ಯ ಚಪ್ಪಲಿ ಕಳದು ಕೈಯಾಗ ಹಿಡಕೊಂಡು ದಾಟಿದ.