ಹಲಗೆ ಹಿಂದಿನ ಜೇನು

ಹೊನ್ನಗುಡ್ಡ ಅಂತ ಒಂದು ರಾಜ್ಯ. ಇಲ್ಲಿ ಗಟ್ಟಿಯಾಗಿ ಸೀನಿದರೆ ಗಡಿಯಾಚೆಯವರು "ಚಿರಂಜೀವಿ" ಅನ್ನಬೇಕು, ಅಷ್ಟು ಚಿಕ್ಕದು. ದೊರೆ ತಿಮ್ಮರಸ, ರಾಣಿ ದೇವಾಜಮ್ಮ. ರಾಣಿಯ ತಮ್ಮ ಬೊಮ್ಮರಸನೂ ಅರಮನೆಯಲ್ಲೇ ಇದ್ದ. ಅವನಿಗೆ ಉಣ್ಣುವುದೇ ಕೆಲಸ. ಬಿಡುವಾದಾಗ ಎಲ್ಲರಿಗೂ ಬುದ್ಧಿ ಹೇಳುತ್ತಿದ್ದ.

ಈ ಬೊಮ್ಮರಸನೇ ಹಟ ಹಿಡಿದು ಊಟದ ಮನೆಯ ಗೋಡೆಗೆ ತೇಗದ ಹಲಗೆ ಹೊಡೆಸಿದ್ದ. ಗೋಡೆಗೂ ಹಲಗೆಗೂ ನಡುವೆ ಸಂದಿ ಉಳಿಯಿತು. ಸ್ವಲ್ಪ ದಿನಕ್ಕೆ ಒಳಗಿಂದ "ಗುಂಯ್" ಅಂತ ಸದ್ದು. ನೋಡಿದರೆ ಹೊರಗೋಡೆಯ ಬಿರುಕಿನಲ್ಲಿ ಜೇನುಹುಳಗಳು ಸಾಲಾಗಿ ಒಳಗೆ ಹೋಗುತ್ತಿವೆ!

"ಹಲಗೆ ಕೀಳಿಸೋಣ," ಅಂದ ದೊರೆ.

"ಬೇಡ ಭಾವ! ಇಷ್ಟಕ್ಕೆಲ್ಲ ಹಲಗೆ ಯಾಕೆ ಕೀಳಬೇಕು? ನಾನಿಲ್ಲವಾ?" ಅಂದ ಬೊಮ್ಮರಸ.

ಬಿರುಕಿಗೆ ಜೇಡಿಮಣ್ಣು ಮೆತ್ತಿದ. ಹೊರಗಿನ ದಾರಿ ಮುಚ್ಚಿತಲ್ಲ, ಹುಳಗಳು ಹಲಗೆ ಸಂದಿಯಿಂದ ಊಟದ ಮನೆಗೇ ಬಂದವು. ದೊರೆ ತುತ್ತು ಬಿಟ್ಟು ಓಡಿದ.

"ಈಗಲಾದರೂ ಕೀಳಿಸೋಣವೋ?"

"ಬೇಡ ಭಾವ!" ಬೊಮ್ಮರಸ ಮೆಣಸಿನಕಾಯಿ ಹೊಗೆ ಹಾಕಿದ. ಅರಮನೆಗೆ ಅರಮನೆಯೇ ಕೆಮ್ಮಿತು. ಜೇನು ಮಾತ್ರ ಗೂಡು ಬಿಡಲಿಲ್ಲ.

"ಈಗ?"

"ಬೇಡ ಭಾವ, ಬೇಡ!" ಒನಕೆ ತಂದು ಹಲಗೆಗೆ ಧಡಧಡ ಕುಟ್ಟಿದ. ಹುಳಗಳು ರೇಗಿ ಬಂದು ಅವನ ಮೂಗಿಗೇ ಮುತ್ತಿದವು. ಮೂಗು ಊದಿ ಬದನೆಕಾಯಿ ಆಯಿತು.

ಅಂಥ ಮೂಗು ಹೊತ್ತವನು ಸುಮ್ಮನಿರುತ್ತಾನೆಯೇ? ತಪ್ಪನ್ನು ಯಾರ ತಲೆಗಾದರೂ ಕಟ್ಟಬೇಕಲ್ಲ! "ಎಲ್ಲಾ ಅಡುಗೆಯ ನಿಂಗಾಜಮ್ಮನ ಕೆಲಸ, ಭಾವ. ದಿನಾ ಕಜ್ಜಾಯ ಕಾಣೆಯಾಗುತ್ತಿದೆಯಲ್ಲ, ಕದಿಯೋಳು ಅವಳೇ. ಅವಳ ಕೈಯ ಬೆಲ್ಲದ ವಾಸನೆಗೇ ಜೇನು ಬಂದಿರೋದು."

ಕೆಮ್ಮಿ ಕೆಮ್ಮಿ ಸಾಕಾಗಿದ್ದ ದೊರೆ ಹಿಂದೆಮುಂದೆ ನೋಡಲಿಲ್ಲ. "ನಾಳೆಯಿಂದ ಅವಳು ಇಲ್ಲಿರಕೂಡದು," ಅಂದುಬಿಟ್ಟ.

ನಿಂಗಾಜಮ್ಮ ಗಂಡ ಸತ್ತ ಮೇಲೆ ಆ ಅಡುಗೆಮನೆಯನ್ನೇ ನಂಬಿ ಬದುಕಿದವಳು. ರಾಣಿಯ ಮುಂದೆ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. "ತಾಯೀ, ಒಂದು ಚೂರೂ ಕದ್ದಿಲ್ಲ. ಈ ವಯಸ್ಸಲ್ಲಿ ಎಲ್ಲಿಗೆ ಹೋಗಲಿ?"

ರಾಣಿ ಅವಳನ್ನು ಕೈಹಿಡಿದು ಕೂರಿಸಿದಳು. ಅವಳಿಗೆ ನಿಂಗಾಜಮ್ಮನೂ ಗೊತ್ತು, ತಮ್ಮನೂ ಗೊತ್ತು. ಹಲಗೆ ಮಾತೆತ್ತಿದರೆ ಸಾಕು, ಇವನು ಯಾಕೆ ಹೀಗೆ ಹಾರಿಬೀಳುತ್ತಾನೆ? "ಅಳಬೇಡ ಕಣೇ, ಒಂದು ಕೊಪ್ಪರಿಗೆ ಬೇವಿನೆಣ್ಣೆ ತರಿಸು," ಅಂದಳು.

ಎಣ್ಣೆ ಊಟದ ಮನೆಗೆ ಬಂತು. ಎಲ್ಲರೂ ಸೇರಿದರು. ರಾಣಿ ತಮ್ಮನ ಕಡೆ ನೋಡಿ ನಕ್ಕಳು.

"ನೀನು ಹೇಳಿದ್ದೇ ಸರಿ ಕಣೋ. ಹಲಗೆ ಕೀಳೋದು ಬೇಡ. ಈ ಬೇವಿನೆಣ್ಣೆಯನ್ನೆಲ್ಲ ಮೇಲಿಂದ ಸಂದಿಗೆ ಸುರಿಸೋಣ."

"ಅಯ್ಯೋ ಅಕ್ಕಾ, ಬೇಡ! ಕಜ್ಜಾಯವೆಲ್ಲ ಕಹಿಯಾಗುತ್ತೆ!"

ಎಲ್ಲರೂ ಬೊಮ್ಮರಸನ ಕಡೆ ತಿರುಗಿದರು.

"ಯಾವ ಕಜ್ಜಾಯ?" ಅಂದ ದೊರೆ.

ಬೊಮ್ಮರಸ ಬಾಯಿ ಮುಚ್ಚಿಕೊಂಡ. ಮುಚ್ಚಿ ಏನು ಬಂತು? ಮಾತು ಆಗಲೇ ಹೊರಬಿದ್ದಿತ್ತು.

ಅಂದು ಸಂಜೆ ಹುಳಗಳೆಲ್ಲ ಗೂಡು ಸೇರಿದ ಮೇಲೆ, ಬೆರಣಿಯ ತೆಳು ಹೊಗೆ ಕೊಟ್ಟು ಮೆಲ್ಲಗೆ ಹಲಗೆ ಬಿಚ್ಚಿದರು. ಒಳಗೆ ಬೊಮ್ಮರಸ ಮೇಲಿನ ಸಂದಿಯಿಂದ ಹಗ್ಗದಲ್ಲಿ ಇಳಿಬಿಟ್ಟಿದ್ದ, ಕದ್ದ ಕಜ್ಜಾಯ ತುಂಬಿದ ಗಡಿಗೆ, ಪಕ್ಕದಲ್ಲೇ ಸಾಲು ಸಾಲು ಮೇಣದ ಜೇನುರೊಟ್ಟಿ. ಹುಳಗಳ ಸಮೇತ ಜೇನುರೊಟ್ಟಿಗಳನ್ನು ದೊಡ್ಡ ಮಡಕೆಯಲ್ಲಿಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿ, ದೂರದ ಹೊಂಗೆ ತೋಪಿಗೆ ಸಾಗಿಸಿದರು. ಮಡಕೆ ಹೊತ್ತವನು ಯಾರು? ಬೊಮ್ಮರಸನೇ! ದಾರಿಯುದ್ದಕ್ಕೂ ಉಸಿರು ಬಿಗಿಹಿಡಿದೇ ನಡೆದ.

ದೊರೆ ನಿಂಗಾಜಮ್ಮನ ಮುಂದೆ ಬಂದು ನಿಂತ. "ವಿಚಾರಿಸದೆ ಮಾತಾಡಿಬಿಟ್ಟೆ ತಾಯಿ. ಅಡುಗೆಮನೆ ನಿನ್ನದೇ," ಅಂದ. ಬೊಮ್ಮರಸ ಅವಳ ಕಾಲಿಗೆ ಬಿದ್ದ.

"ಇರಲಿ ಏಳಿ, ಚಿಕ್ಕಬುದ್ಧಿಯೋರೇ," ಅಂದಳು ನಿಂಗಾಜಮ್ಮ. "ಗೋಡೆಯ ಬಿರುಕಿಗೆಲ್ಲ ನಿಮ್ಮ ಕೈಯಾರೆ ಗಾರೆ ಮೆತ್ತಿ ಬನ್ನಿ. ಬಿಸಿ ಕಜ್ಜಾಯ ನಾನೇ ಬಡಿಸ್ತೀನಿ."

ಬೊಮ್ಮರಸ ಗಾರೆಯ ಬಾಣಲಿ ಹಿಡಿದು ಓಡಿದ ಓಟ ನೋಡಬೇಕಿತ್ತು!

ಕೇಳಿದಿರಾ ಮಕ್ಕಳೇ? ಗೂಡನ್ನು ಒಳಗೇ ಬಿಟ್ಟು ಬಿರುಕು ಮುಚ್ಚಿದರೆ ಹುಳ ಮನೆಯೊಳಕ್ಕೇ ಬರುತ್ತೆ. ಮಾಡಿದ ತಪ್ಪೂ ಹಾಗೆಯೇ. ಅದನ್ನು ಮುಚ್ಚಿಡಬಾರದು, ಇನ್ನೊಬ್ಬರ ತಲೆಗೆ ಕಟ್ಟಲೂಬಾರದು. ತೆಗೆದು ಹೊರಗಿಟ್ಟುಬಿಡಬೇಕು.